ಎರಡು ಕುಕ್ಕರಿನ ಸಂಸಾರ

ನಮ್ಮ ಮನೆಯಲ್ಲಿ ಎರಡು ಕುಕ್ಕರುಗಳಿವೆ. ಒಂದು ಒಲೆಯ ಮೇಲೆ ಕೂತು ದಿನಕ್ಕೆರಡು ಸಲ ಸೀಟಿ ಹೊಡೆಯುತ್ತದೆ. ಇನ್ನೊಂದು ಬಾಗಿಲ ಮುಂದಿನ ಬೇವಿನ ಗಿಡದ ನೆರಳಿನಲ್ಲಿ ನಾಲ್ಕು ಗಾಲಿಯ ಮೇಲೆ ನಿಂತಿದೆ. ಅದಕ್ಕೆ ಸೀಟಿ ಇಲ್ಲ. ಇದ್ದಿದ್ದರೆ ನನ್ನ 31,000 ರೂಪಾಯಿ ಉಳಿಯುತ್ತಿತ್ತು, ನಿಮಗೂ ಈ ಹರಟೆ ಓದುವ ಕರ್ಮ ತಪ್ಪುತ್ತಿತ್ತು.

ಬಾದಾಮಿಯಲ್ಲಿ ಮಾಸ್ತರಿಕೆ ಮಾಡುವವನಿಗೆ ಫೋರ್ ವೀಲ್ ಜೀಪು ಯಾಕೆ ಎಂದು ಹೆಂಡತಿ ಕೇಳಿದಳು, ಬೀಗರು ಕೇಳಿದರು, ಕೊನೆಗೆ ಹಾಲು ಹಾಕುವವನೂ ಕೇಳಿದ. ಹುನಗುಂದದ ಕಡೆ ನಾಲ್ಕೆಕರೆ ಎರಿ ಹೊಲ ಇದೆ, ಮಳೆಗಾಲದಲ್ಲಿ ಅಲ್ಲಿ ಎತ್ತುಗಳೇ ಹೂತು ನಿಲ್ಲುತ್ತವೆ ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಖರೆ ಸಂಗತಿ ಬೇರೆ. ದೊಡ್ಡ ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಗೇರು ಇರುತ್ತದಲ್ಲ, ಅದನ್ನು ಕಂಡರೆ ಐವತ್ತು ದಾಟಿದ ಮೇಲೂ ನನಗೆ ಹುಡುಗಾಟ. ಹಳೆಯ ಡೀಸೆಲ್ ಜೀಪು ಸಿಕ್ಕಿತು, ತಂದು ನಿಲ್ಲಿಸಿದೆ.

ಹಳೆ ಡೀಸೆಲ್ ಜೀಪುಗಳ ವಂಶಾವಳಿ ಸ್ವಾರಸ್ಯದ್ದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರದವರು ಜೋಡಿಸಿ ಮಾರುತ್ತಿದ್ದ ವಿಲ್ಲಿಸ್ ಜೀಪುಗಳು ಪೆಟ್ರೋಲ್ ಕುಡಿಯುತ್ತಿದ್ದವು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ ಕೂಡಿ ಟ್ರ್ಯಾಕ್ಟರ್ ಮಾಡತೊಡಗಿದರು. ಮುಂದೆ ಆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿನ ವಂಶದ್ದೇ ಒಂದು ಜೀಪಿನ ಬಾನೆಟ್ಟಿನ ಕೆಳಗೂ ಬಂದು ಕೂತಿತು. ಹಾಗಾಗಿ ಇಂಥ ಜೀಪು ಚಾಲೂ ಮಾಡಿದರೆ ಓಣಿಯ ಮುದುಕರು ಇವತ್ತಿಗೂ ಬಿತ್ತಿಗೆಯ ಮಾತು ತೆಗೆಯುತ್ತಾರೆ.

ಏಪ್ರಿಲ್ ಕೊನೆಯ ವಾರ, ಬಿಸಿಲು 40 ದಾಟಿದ ದಿನ. ಸೂಟಿಗೆಂದು ಹುಬ್ಬಳ್ಳಿಯಿಂದ ಅಕ್ಕನ ಮಕ್ಕಳು ಬಂದಿದ್ದವು. ಪಟ್ಟದಕಲ್ಲು ತೋರಿಸುತ್ತೇನೆಂದು ಹೊರಟೆ. ಬಾದಾಮಿಯಿಂದ 22 ಕಿಲೋಮೀಟರು, ದೂರವೇನೂ ಅಲ್ಲ. ಹೊರಡುವಾಗ ಡೀಸೆಲ್ ನೋಡಿದೆ, ಗಾಲಿಗೆ ಗಾಳಿ ನೋಡಿದೆ, ಮಕ್ಕಳಿಗೆ ನಾಲ್ಕು ಬಾಟಲಿ ನೀರು ತುಂಬಿಸಿದೆ. ನಮ್ಮ ಕಡೆ ಮನೆಗೆ ವೈರಿ ಬಂದರೂ ಮೊದಲು ಬೆಲ್ಲ ನೀರು ಕೊಡುವುದು ಪದ್ಧತಿ. ಎಲ್ಲರನ್ನೂ ಹೊತ್ತು ಒಯ್ಯುವ ಪ್ರಾಣಿಗೆ ಮಾತ್ರ ‘ನೀರು ಬೇಕೇನಪ್ಪ’ ಎಂದು ಕೇಳಲಿಲ್ಲ.

ವಿರೂಪಾಕ್ಷ ಗುಡಿಯೊಳಗೆ ಹೋದಾಗ ಮಾಸ್ತರಿಕೆ ತಲೆಗೇರಿತು. ಕಂಚಿಯ ಪಲ್ಲವರನ್ನು ಎರಡನೆಯ ವಿಕ್ರಮಾದಿತ್ಯ ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು, ಎಂಟನೆಯ ಶತಮಾನದ್ದು ಎಂದೆಲ್ಲ ಶುರು ಮಾಡಿದೆ. ಸಣ್ಣವನು ಕಂಬಕ್ಕೆ ಕೆನ್ನೆ ಹಚ್ಚಿ ನಿಂತವನು, “ಮಾಮಾ, ಇಲ್ಲಿ ಎಸಿ ಹಾಕ್ಯಾರೇನು?” ಅಂದ. ಪಾಠಕ್ಕಿಂತ ಅವನ ಪ್ರಶ್ನೆಯೇ ಒಳ್ಳೆಯದಿತ್ತು. ಹೊರಗೆ ಕಲ್ಲು ಕಾದು ಅಂಗಾಲು ಸುಡುತ್ತಿದ್ದರೆ ಒಳಗೆ ತಂಪು. ಗೋಡೆಯಲ್ಲಿ ಕೊರೆದ ಜಾಲಂಧ್ರಗಳನ್ನು ತೋರಿಸಿದೆ. ಒಂದೊಂದು ಕಿಟಕಿಗೆ ಒಂದೊಂದು ನಮೂನೆಯ ಬಲೆ. ಬಿಸಿಲು ತುಣುಕು ತುಣುಕಾಗಿ ಒಳಗೆ ಬೀಳುತ್ತದೆ, ಗಾಳಿ ಮಾತ್ರ ಧಾರಾಳ.

ಜೀಪಿನ ಮುಂದಿರುವ ರೇಡಿಯೇಟರ್ ಎಂದರೂ ಒಂದು ಜಾಲಂಧ್ರವೇ. 1900ರ ಸುಮಾರಿಗೆ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಮೊದಲ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಅದರೊಳಗೆ 6 ಮಿಲಿಮೀಟರು ಅಗಲದ 8,070 ಚೌಕ ಕೊಳವೆಗಳು. ಗಾಳಿ ಕೊಳವೆಯೊಳಗಿಂದ ಹಾಯಬೇಕು, ನೀರು ಅವುಗಳ ಸಂದಿಯಲ್ಲಿ ಹರಿಯಬೇಕು. ಈಗಿನವುಗಳಲ್ಲಿ ನೀರು ಕೊಳವೆಯೊಳಗೆ, ಗಾಳಿ ಹೊರಗೆ. ಅದಲು ಬದಲಾದರೂ ವಿದ್ಯೆ ಅದೇ: ಬಿಸಿನೀರನ್ನು ತೆಳ್ಳಗೆ ಹರಡು, ಗಾಳಿಗೆ ಒಡ್ಡು. ನಾವು ಸುಟ್ಟ ಡೀಸೆಲ್ಲಿನ ಕಾವಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಗಾಲಿ ತಿರುಗಿಸುತ್ತದೆ, ಇನ್ನೊಂದು ಪಾಲು ಹೊಗೆಯ ಸಂಗಡ ಹೊರಟುಹೋಗುತ್ತದೆ. ಉಳಿದ ಪಾಲನ್ನು ಈ ಜಾಲಂಧ್ರ ಹೊರಗೆ ಹಾಕಬೇಕು. ಹಾಕದಿದ್ದರೆ ಅದು ಎಂಜಿನ್ನನ್ನೇ ತಿನ್ನುತ್ತದೆ.

ಇಷ್ಟೆಲ್ಲ ಜ್ಞಾನ ನನಗೆ ಆಮೇಲೆ ಬಂದದ್ದು. ಆ ಮಧ್ಯಾಹ್ನ ಇದ್ದದ್ದು ಬರೀ ಹುಮ್ಮಸ್ಸು.

ಮಲಪ್ರಭೆ ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಹರಿಯುತ್ತಾಳೆ, ಉತ್ತರವಾಹಿನಿ ಎಂದೇ ಈ ಜಾಗಕ್ಕೆ ಹೆಚ್ಚುಗಾರಿಕೆ. ಏಪ್ರಿಲ್ಲಿನಲ್ಲಿ ಯಾವ ದಿಕ್ಕಿಗೂ ಹರಿಯದೆ ಅಲ್ಲಲ್ಲಿ ಮಡುವಾಗಿ ಕೂತಿರುತ್ತಾಳೆ. ಗುಡಿಗಳಿಂದ ಬಹಳ ದೂರ, ಒಂದು ಹಳ್ಳಿಯ ದಾರಿ ಹಿಡಿದು ಒಣಗಿದ ಪಾತ್ರಕ್ಕೆ ಜೀಪು ಇಳಿಸಿದೆ. ಸಣ್ಣ ಗೇರು ಹಾಕಿದೆ. ಮಕ್ಕಳು ಹೋ ಎಂದವು. ಉಸುಕಿನಲ್ಲಿ ಫೋರ್ ವೀಲ್ ಗಾಡಿಯ ಸಂಭ್ರಮವೇ ಬೇರೆ, ಆದರೆ ಅಲ್ಲಿ ಒಂದು ಮೋಸವೂ ಇದೆ. ಲೋ ಗೇರಿನಲ್ಲಿ ಎಂಜಿನ್ನು ಓಡುತ್ತದೆ, ಗಾಡಿ ನಡೆಯುತ್ತದೆ. ರಸ್ತೆಯಲ್ಲಾದರೆ ಓಟದ ಗಾಳಿ ತಾನಾಗಿಯೇ ರೇಡಿಯೇಟರಿಗೆ ಬಡಿಯುತ್ತದೆ. ಉಸುಕಿನಲ್ಲಿ ಆ ಗಾಳಿಯಿಲ್ಲ, ಇಡೀ ಭಾರ ಫ್ಯಾನಿನ ಮೇಲೆ. ಅದೂ ಎಳೆದುಕೊಳ್ಳುವುದು 40 ಡಿಗ್ರಿಯ ಝಳವನ್ನು.

ಮೀಟರಿನ ಮುಳ್ಳು ನಡುವಿನಿಂದ ಮೇಲೆ ಹೊರಟಿತು. ಕಂಡೆ. ಇನ್ನೊಂದು ಸುತ್ತು ಹಾಕಿ ಹೋಗೋಣ ಎಂದವು ಮಕ್ಕಳು. ಹಾಕಿದೆ. ಮುಳ್ಳು ಕೆಂಪು ಗೆರೆ ಮುಟ್ಟುವ ಹೊತ್ತಿಗೆ ದಂಡೆ ಹತ್ತಿ ಬಾದಾಮಿ ರಸ್ತೆಗೆ ಬಂದೆ. ಎರಡು ಕಿಲೋಮೀಟರು ಹೋಗುವುದರೊಳಗೆ ಮುಳ್ಳು ಸರಸರ ಕೆಳಗಿಳಿಯಿತು. ರಸ್ತೆ ಗಾಳಿಗೆ ತಣ್ಣಗಾಯಿತು ನೋಡು ಎಂದು ನನಗೆ ಎಂಥ ಖುಷಿ! ಹಾಡು ಹೇಳಿರೆಂದು ಮಕ್ಕಳಿಗೂ ಹೇಳಿದೆ. ನಂದಿಕೇಶ್ವರ ಇನ್ನೂ ಬಂದಿರಲಿಲ್ಲ, ಎಂಜಿನ್ನು ಕಟಕಟ ಅನ್ನತೊಡಗಿತು. ಆಕ್ಸಿಲರೇಟರ್ ತುಳಿದರೂ ಗಾಡಿಗೆ ಉಸಿರಿಲ್ಲ. ಬಾನೆಟ್ಟಿನ ಸಂದಿಯಿಂದ ಹಬೆ. ಬಂದ್ ಮಾಡಿದೆ.

ಇಳಿದವನೇ ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಲು ಹೋದೆ. ಕುರಿ ಮೇಯಿಸುತ್ತಿದ್ದ ಅಜ್ಜ ದೂರದಿಂದಲೇ ಕೂಗಿದ: “ತಮ್ಮಾ, ಮುಚ್ಚಳ ಮುಟ್ಟಬ್ಯಾಡೋ! ಮಾರಿ ಸುಟ್ಟಕೊಂತಿ!” ಹತ್ತಿರ ಬಂದು ತಾನೂ ನೆರಳಿಗೆ ಕೂತ. ಜೀಪಿನ ಮುಂದಿನ ಬಂಪರಿಗೆ ಕ್ಯಾನ್ವಾಸ್ ಚೀಲದಲ್ಲಿ ನೀರು ತೂಗುಹಾಕಿಕೊಂಡು ಅಡ್ಡಾಡುತ್ತಿದ್ದ ಕಾಲದ ಮನುಷ್ಯ ಅವನು. ಮುಕ್ಕಾಲು ತಾಸು ಕಾಯಿಸಿದ. ಮೇಲಿನ ಹೋಸ್ ಪೈಪು ಹಿಚುಕಿ ನೋಡಿ, ಗೋಣಿತಟ್ಟು ಮಡಿಚಿ ಹಾಕಿ, ಮುಚ್ಚಳವನ್ನು ಅರ್ಧ ತಿರುವಿ ಬಿಟ್ಟ. ಬುಸ್ಸೆಂದು ಉಳಿದ ಹಬೆ ಹೋಯಿತು. ಒಳಗೆ ನೀರಿನ ಹೆಸರೇ ಇಲ್ಲ. ನಾನು ಬಾಟಲಿಯ ತಣ್ಣೀರು ಸುರಿಯಲು ಹೋದರೆ ಮತ್ತೆ ತಡೆದ. ಕಾದ ಹಂಚಿಗೆ ನೀರು ಬಿದ್ದರೆ ಏನಾಗುತ್ತದೋ ಎಂಜಿನ್ನಿನ ಕಾದ ಹೆಡ್ಡಿಗೂ ಅದೇ ಆಗುತ್ತದೆ, ಸೀಳುತ್ತದೆ. ಇನ್ನೂ ಆರಲಿ ಎಂದ.

ಆರಿದ ಮೇಲೆ ನೀರು ಹಾಕಿದರೆ ಕೆಳಗಿನ ಬೆಸುಗೆಯ ಹತ್ತಿರ ಹನಿಹನಿ ಸೋರಿಕೆ. ಅಜ್ಜ ಪಕ್ಕದ ಚಹಾದಂಗಡಿಯಿಂದ ಒಂದು ಹಿಡಿ ಅರಿಶಿನ ಪುಡಿ ತರಿಸಿದ. ನಮ್ಮ ಲಾರಿ ಡ್ರೈವರುಗಳ ಹಳೆಯ ವಿದ್ಯೆ: ಪುಡಿ ನೀರಿನೊಡನೆ ಸುತ್ತಿ, ತೂತಿನ ಬಾಯಿಗೆ ಹೋಗಿ ಉಬ್ಬಿ ಕೂಡುತ್ತದೆ. ಕೂತಿತು ಸಹ. ಬನಶಂಕರಿಯ ಗುಡಿಯ ಮುಂದಿನ ಹೊಂಡಕ್ಕೆ ಹರಿದ್ರಾತೀರ್ಥ ಎನ್ನುತ್ತಾರೆ, ಹರಿಶ್ಚಂದ್ರ ತೀರ್ಥ ಎಂಬುದು ಬಾಯಿಂದ ಬಾಯಿಗೆ ಸವೆದು ಹಾಗಾಯಿತಂತೆ. ಹರಿದ್ರಾ ಎಂದರೆ ಅರಿಶಿನವೇ. ನಾನು ಆ ದಿನ ಒಂದು ಸಂಚಾರಿ ಹರಿದ್ರಾತೀರ್ಥ ಇಟ್ಟುಕೊಂಡು, ಹಿಂದೆ ಬಿಳಿ ಹೊಗೆ ಬಿಡುತ್ತ, ನಾಲ್ಕು ಕಡೆ ನಿಲ್ಲಿಸಿ ನೀರು ಕುಡಿಸುತ್ತ ಬಾದಾಮಿ ಮುಟ್ಟಿದೆ. ಅರಿಶಿನ ತೂತು ಮುಚ್ಚುತ್ತದೆ ನಿಜ, ಆದರೆ ತೂತು ಯಾವುದು ಕೊಳವೆ ಯಾವುದು ಅದಕ್ಕೆ ಗೊತ್ತಾಗುವುದಿಲ್ಲ. ಮನೆ ಮುಟ್ಟಿದ ಮೇಲೂ ಅದನ್ನೇ ನಂಬಿ ಕೂತರೆ ಸಣ್ಣ ಕೊಳವೆಗಳಿಗೂ ಮೆತ್ತಿಕೊಳ್ಳುತ್ತದೆ.

ಮರುದಿನ ಮಿಸ್ತ್ರಿ ಆಯಿಲ್ ಕಡ್ಡಿ ಎಳೆದು ಬೆಳಕಿಗೆ ಹಿಡಿದ. ಕಪ್ಪಗಿರಬೇಕಾದ ಆಯಿಲು ಕೆನೆ ಬಣ್ಣಕ್ಕೆ ತಿರುಗಿತ್ತು. “ನೋಡ್ರಿ ಸರ್ರ, ಬಾದಾಮಿ ಹಾಲು,” ಅಂದ. ಬಾದಾಮಿಯ ಗ್ಯಾರೇಜಿನಲ್ಲಿ ಈ ಜೋಕು ಎಷ್ಟು ಹಳೆಯದೋ ಏನೋ, ಆಚೀಚೆ ಹುಡುಗರು ಯಾರೂ ನಗಲಿಲ್ಲ. ಹೆಡ್ ಬಿಚ್ಚಿದ. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ಟು ಸುಟ್ಟು ಹರಿದಿತ್ತು, ನೀರು ಆಯಿಲಿನ ಮನೆಗೆ ನುಗ್ಗಿತ್ತು. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ ಅದರ ಕೆಳಗೆ ಫೀಲರ್ ಗೇಜಿನ ತೆಳು ತಗಡು ತೂರಿಸಿದ. ನಡುವಿನಲ್ಲಿ ಸಲೀಸಾಗಿ ಹೋಯಿತು. ಹೆಡ್ ಬಾಗಿದೆ, ಫೇಸಿಂಗ್ ಹೊಡೆಸಬೇಕು. “ಇದು ಹಳೇ ಬೀಡಿನ ಹೆಡ್ಡು, ಅದಕ್ಕ ಬದುಕೇತ್ರಿ. ಈಗಿನ ಅಲ್ಯೂಮಿನಿಯಂ ಹೆಡ್ ಆಗಿದ್ರ ತಗಡಿನಂಗ ಮಡಚತಿತ್ತು.” ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ಕಾದರೆ ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. ಮುಳ್ಳು ಕೆಳಗಿಳಿದಿತ್ತಲ್ಲ?

“ಮುಳ್ಳಿಗೇನ್ ಗೊತ್ತೈತ್ರಿ? ಅದರ ಸೆನ್ಸರ್ ನೀರಾಗ ಮುಳುಗಿರಬೇಕು. ನೀರ ಇದ್ರ ನೀರಿನ ಕಾವು ಹೇಳತೈತಿ. ನೀರ ಖಾಲಿ ಆದ್ರ ಏನ್ ಹೇಳಬೇಕದು? ನೀವು ಮುಳ್ಳ ನೋಡಿ ಗಾಡಿ ಹೊಡೀತೀರಿ, ನೀರ ನೋಡಿ ಹೊಡೀಬೇಕ್ರಿ.”

ಅಂದರೆ ನಾನು ಹಾಡು ಹೇಳಿಸುತ್ತಿದ್ದ ಹೊತ್ತಿಗೆ ಎಂಜಿನ್ನು ಒಣಗಿ ಬೇಯುತ್ತಿತ್ತು. ರೋಗಿಯ ಜ್ವರ ಇಳಿಯಿತೆಂದು ನಾನು ಹಿಗ್ಗಿದ್ದೆ. ಥರ್ಮಾಮೀಟರು ಬಾಯಿಂದ ಕೆಳಗೆ ಬಿದ್ದಿತ್ತು, ಅಷ್ಟೇ.

ಆಮೇಲೆ ಮಿಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ನೀರಿನ ದಾರಿ ಕೆರೆದು ನನ್ನ ಅಂಗೈಗೆ ಹಾಕಿದ. ಬಿಳಿ ಹಕ್ಕಳೆ, ಮೊಟ್ಟೆಯ ಸಿಪ್ಪೆಯಷ್ಟು ದಪ್ಪ. ನಮ್ಮ ಬೋರಿನ ನೀರಿನ ಗಡಸುತನ ಬಚ್ಚಲಿನಲ್ಲಿ ಸಾಬೂನು ನೊರೆ ಬಾರದಿದ್ದಾಗಲೇ ಗೊತ್ತಾಗುತ್ತದೆ. ಅದೇ ನೀರನ್ನು ವರ್ಷಗಟ್ಟಲೆ ತಂಬಿಗೆಯಿಂದ ರೇಡಿಯೇಟರಿಗೆ ಸುರಿದಿದ್ದೆ. ನೀರು ಕಾದಂತೆಲ್ಲ ಸುಣ್ಣ ಒಳಗೋಡೆಗೆ ಅಂಟುತ್ತದೆ. ಸುಣ್ಣ ಕಾವನ್ನು ದಾಟಗೊಡುವುದಿಲ್ಲ. ರೇಡಿಯೇಟರಿನ ಅರ್ಧ ಕೊಳವೆಗಳು ಹೀಗೆ ಕಟ್ಟಿಹೋಗಿದ್ದವು. ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ಒಂದೊಂದು ಕೊಳವೆಗೂ ಉದ್ದನೆಯ ಪಟ್ಟಿ ತೂರಿಸಿ ಕೆರೆಯುವುದಕ್ಕೆ ರಾಡ್ ಹೊಡೆಯುವುದು ಎನ್ನುತ್ತಾರೆ. ಹಿತ್ತಾಳೆ, ತಾಮ್ರದ ಹಳೆ ರೇಡಿಯೇಟರಿನಲ್ಲಿ ಅದು ಸಾಧ್ಯ, ಪ್ಲಾಸ್ಟಿಕ್ ಟ್ಯಾಂಕಿನ ಹೊಸದರಲ್ಲಿ ಬದಲಿಸುವುದೇ ಗತಿ.

ಇನ್ನೊಂದು ಪತ್ತೆಯಾಯಿತು. ಥರ್ಮೋಸ್ಟಾಟ್ ವಾಲ್ವು ಇರಬೇಕಾದ ಜಾಗ ಖಾಲಿ. ಹಿಂದೆ ಯಾರೋ ಪುಣ್ಯಾತ್ಮರು, ಇಂಥ ಸೆಕೆಯ ನಾಡಿಗೆ ಇದ್ಯಾಕೆ ಎಂದು ಕಿತ್ತು ಒಗೆದಿದ್ದರು. ನನಗೂ ಅದೇ ಸರಿ ಕಂಡಿತು. ಮಿಸ್ತ್ರಿ ವಾದಕ್ಕೆ ಬರಲಿಲ್ಲ. ಹೊಸ ವಾಲ್ವಿಗೆ ದಾರ ಕಟ್ಟಿ, ಪಕ್ಕದಂಗಡಿಯ ಚಹಾ ಕಾಸುವ ಪಾತ್ರೆಯಲ್ಲಿ ನೀರಿಟ್ಟು ಇಳಿಬಿಟ್ಟ. ನೀರು ಬೆಚ್ಚಗಾಯಿತು, ಬಿಸಿಯಾಯಿತು, ವಾಲ್ವು ಮಿಸುಕಲಿಲ್ಲ. ತಳದಿಂದ ಗುಳ್ಳೆ ಏಳುವ ಹೊತ್ತಿಗೆ, 82 ಡಿಗ್ರಿಯ ಸುಮಾರಿಗೆ, ಒಳಗಿನ ಮೇಣ ಕರಗಿ ಹಿಗ್ಗಿ, ಹಿತ್ತಾಳೆಯ ಬಾಯಿ ಮೆಲ್ಲಗೆ ತೆರೆಯಿತು. ಡೀಸೆಲ್ ಎಂಜಿನ್ನು ತಣ್ಣಗೇ ಇದ್ದರೂ ಕೆಡುತ್ತದೆ: ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಹೊಗೆ ಹೆಚ್ಚು, ಸಿಲಿಂಡರಿನ ಬೋರು ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವು ಇಲ್ಲದಿದ್ದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತಿರುತ್ತದೆ. ಕಾವು ಇಳಿಯಲಿ ಎಂದು ಕಿತ್ತರೆ ಏರುತ್ತದೆ. ಈ ಪ್ರಯೋಗ ಮುಗಿದ ಮೇಲೆ ಅದೇ ಪಾತ್ರೆಯಲ್ಲಿ ಚಹಾ ಬಂತು. ಕುಡಿದೆವು.

ರಾತ್ರಿ ಹೆಂಡತಿಗೆ ವರದಿ ಒಪ್ಪಿಸಿದೆ. ರೇಡಿಯೇಟರಿನ ಮುಚ್ಚಳದ ರಬ್ಬರು ಸತ್ತುಹೋಗಿತ್ತಂತೆ, ಒತ್ತಡ ನಿಲ್ಲದೆ ನೀರು ಬೇಗ ಕುದ್ದು ಸೋರು ನಳಿಗೆಯಿಂದ ಹೊರಗೆ ಹೋಯಿತಂತೆ ಎಂದೆ.

“ಗ್ಯಾಸ್ಕೆಟ್ ಹಳೇದಾದ್ರ ನನ್ನ ಕುಕ್ಕರ್ದಾಗೂ ಹಂಗ ಆಗತೈತ್ರಿ. ಬಾಜೂಕಿಲೆ ಹಬಿ ಹೋಗತೈತಿ, ಸೀಟಿ ಹೊಡಿಯೂದಿಲ್ಲ, ತಳ ಹತ್ತತೈತಿ. ಅದರಾಗೇನ್ ಹೊಸಾದು?”

ಹೊಸದೇನೂ ಇರಲಿಲ್ಲ. ಮುಚ್ಚಳದ ಮೇಲೆ 0.9 ಎಂದು ಬರೆದಿರುತ್ತದೆ. ಅಷ್ಟು ಒತ್ತಡದಲ್ಲಿ ನೀರು 100ಕ್ಕೆ ಕುದಿಯದೆ 118ರ ಆಸುಪಾಸಿನವರೆಗೆ ತಡೆಯುತ್ತದೆ. ಅಡುಗೆಮನೆಯ ಕುಕ್ಕರಿನ ಲೆಕ್ಕವೂ ಅಲ್ಲೇ ಆಚೀಚೆ. ಒಂದರಲ್ಲಿ ಬೇಯಲಿ ಎಂದು ಒತ್ತಡ, ಇನ್ನೊಂದರಲ್ಲಿ ಬೇಯದಿರಲಿ ಎಂದು. ಸೀಟಿ ಆರದೆ ಮುಚ್ಚಳ ತೆಗೆಯಬಾರದು ಎಂಬುದು ನಮ್ಮ ಮನೆಯ ಹತ್ತು ವರ್ಷದ ಹುಡುಗಿಗೂ ಗೊತ್ತು. ಅದನ್ನೇ ನನಗೆ ಕುರಿ ಕಾಯುವ ಅಜ್ಜ ಹೇಳಿಕೊಡಬೇಕಾಯಿತು. ಮುಚ್ಚಳಕ್ಕೆ ಇನ್ನೊಂದು ಕೆಲಸವಿದೆ, ಎಂಜಿನ್ನು ಆರಿದಾಗ ಪಕ್ಕದ ಬಾಟಲಿಯಿಂದ ನೀರನ್ನು ವಾಪಸ್ ಒಳಗೆ ಬಿಡುವುದು. ಆ ಸಣ್ಣ ವಾಲ್ವು ಹಿಡಿದುಕೊಂಡರೆ ಬೆಳಿಗ್ಗೆ ಮೇಲಿನ ಹೋಸ್ ಪೈಪು ಬಾಡಿದ ಬದನೆಕಾಯಿಯ ಹಾಗೆ ಚಪ್ಪಟೆಯಾಗಿ ಮಲಗಿರುತ್ತದೆ. ನನ್ನದು ತಿಂಗಳುಗಟ್ಟಲೆ ಹಾಗೆ ಮಲಗಿತ್ತು. ರಬ್ಬರಿನ ಗುಣ ಎಂದುಕೊಂಡಿದ್ದೆ. ಹೊಸ ಮುಚ್ಚಳಕ್ಕೆ ಇನ್ನೂರು ರೂಪಾಯಿ.

ಸಮಾಧಾನಕ್ಕೆ ಒಂದು ಸಂಗತಿ ಹುಡುಕಿಕೊಂಡಿದ್ದೇನೆ. ರುಡಾಲ್ಫ್ ಡೀಸೆಲ್ 1893ರಲ್ಲಿ ಆಗ್ಸ್‌ಬರ್ಗಿನಲ್ಲಿ ನಿಲ್ಲಿಸಿದ ಮೊದಲ ಪ್ರಯೋಗದ ಎಂಜಿನ್ನಿಗೆ ನೀರಿನ ಹೊದಿಕೆಯೇ ಇರಲಿಲ್ಲ, ತನ್ನ ಲೆಕ್ಕಕ್ಕೆ ಅದು ಬೇಡ ಎಂದುಕೊಂಡಿದ್ದ. ಮುಂದೆ ನೀರು ಹಾಯಿಸಲೇಬೇಕಾಯಿತು. 1897ರಲ್ಲಿ ಗೆದ್ದ ಎಂಜಿನ್ನು ಇಂಧನದ ಕಾವಿನಲ್ಲಿ ನೂರಕ್ಕೆ 26 ಪಾಲು ದುಡಿಮೆಗೆ ಹಚ್ಚಿತು, ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಹೆಸರು ಕೊಟ್ಟವನೇ ನೀರು ಮರೆತಿದ್ದ ಎಂದ ಮೇಲೆ ಬಾದಾಮಿಯ ಮಾಸ್ತರನದೇನು ದೊಡ್ಡ ಅಪರಾಧ? ಹೆಂಡತಿ ಈ ವಾದವನ್ನು ಒಪ್ಪಿಲ್ಲ.

ಈಗ ದಿನಾ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗಲೇ, ಬಾಟಲಿಯ ನೀರಿನ ಗೆರೆ ನೋಡುತ್ತೇನೆ. ಗೆರೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಮತ್ತೆ ತುಂಬಿಸಿ ಸುಮ್ಮನಿರುವ ಮಾತಿಲ್ಲ. ಹೋಸ್ ಪೈಪು ಹಿಚುಕಿ ನೋಡುತ್ತೇನೆ, ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟಿದೆಯೇ ಎಂದು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ಗ್ಯಾರೇಜಿನವರು ವಾಟರ್ ಬಾಡಿ ಎನ್ನುವ ನೀರಿನ ಪಂಪಿನ ಕೆಳಗೆ ಹನಿಯ ಕಲೆ ಇದೆಯೇ ಎಂದು ಬಗ್ಗಿ ನೋಡುತ್ತೇನೆ. ಸೊಂಟ ಹಿಡಿಯುತ್ತದೆ, ಆದರೂ ನೋಡುತ್ತೇನೆ.

ರೇಡಿಯೇಟರಿನ ಮುಖ ತೊಳೆಯುವುದು ಮಾತ್ರ ನಮ್ಮ ಸೀಮೆಯಲ್ಲಿ ಒಂದು ಪ್ರತ್ಯೇಕ ವ್ರತ. ಸುಗ್ಗಿ ಬಂತೆಂದರೆ ನಮ್ಮವರು ಡಾಂಬರು ರಸ್ತೆಯನ್ನೇ ಕಣ ಮಾಡಿ ಹುರುಳಿ, ಸಜ್ಜೆ ಹರವುತ್ತಾರೆ. ರಾಶಿ ಮಾಡುವ ಕೂಲಿ ಗಾಡಿಗಳದು. ಅದರ ಮೇಲೆ ಹಾಯ್ದು ಬಂದರೆ ಹೊಟ್ಟು, ರವದಿ ಎಲ್ಲ ರೇಡಿಯೇಟರಿನ ಎಲೆಗಳ ಸಂದಿಗೆ. ಮೇಲೆ ಕೆಂಪು ಧೂಳು, ಅದರ ಮೇಲೆ ಹುಳ. ಎದುರಿನಿಂದ ಪೈಪು ಹಿಡಿದು ಜೋರಾಗಿ ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ, ಎಲೆಗಳೂ ಮಲಗುತ್ತವೆ. ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಡಬೇಕು. ಮೊದಲ ಸಲ ತೊಳೆದಾಗ ಕೆಳಗೆ ಬಿದ್ದದ್ದನ್ನು ಕೋಳಿಗಳು ಬಂದು ಹೆಕ್ಕಿದವು. ಆಯುಧಪೂಜೆಯ ದಿನ ಬಾಳೆಕಂಬ, ಚೆಂಡುಹೂವಿನ ಹಾರ, ಕಬ್ಬು ಎಲ್ಲ ಮುಂದಿನ ಜಾಲರಿಗೆ ಕಟ್ಟುತ್ತೇವಲ್ಲ, ಪೂಜೆ ಮುಗಿಸಿ ಹಾಗೇ ಊರು ಸುತ್ತಲು ಹೋಗುವವರನ್ನು ನೋಡಿದರೆ ಈಗ ನನಗೆ ಎದೆ ಝಲ್ಲೆನ್ನುತ್ತದೆ. ದೇವರಿಗೆ ಮೂಗು ಮುಚ್ಚಿ ಹಾರ ಹಾಕುತ್ತಾರೆಯೇ?

ಹೊಳೆ ದಾಟುವ ಹುಚ್ಚಿನವರಿಗೂ ಒಂದು ಮಾತು. 2019ರ ಆಗಸ್ಟಿನಲ್ಲಿ ಇದೇ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನುಗ್ಗಿದ್ದಳು. ಅಂಥ ನೀರಿಗೆ ಯಾವ ಫೋರ್ ವೀಲೂ ಸಾಲದು. ಮೊಣಕಾಲುದ್ದದ ಹಳ್ಳವಾದರೂ ರಭಸದಿಂದ ನುಗ್ಗಿದರೆ ತಿರುಗುವ ಫ್ಯಾನಿನ ರೆಕ್ಕೆ ನೀರಿಗೆ ಸಿಕ್ಕು ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊಯ್ಯುತ್ತದೆ. ಅದಕ್ಕೇ ಹಳಬರು ಬೆಲ್ಟ್ ಬಿಚ್ಚಿ ದಾಟುತ್ತಿದ್ದರು, ಇಲ್ಲವೇ ಮುಂದೆ ತಾಡಪತ್ರಿ ಕಟ್ಟುತ್ತಿದ್ದರು. ದಾಟಿದ ಮೇಲೆ ಬಿಚ್ಚಲು ಮರೆಯಬಾರದು, ಅಷ್ಟೇ.

ಬೋರಿನ ನೀರು ಬಂದ್ ಆಯಿತು. ಈಗ ಹಾಕುವುದು ಅರ್ಧ ಕೂಲಂಟು, ಅರ್ಧ ಬ್ಯಾಟರಿ ನೀರು. ಚಳಿ ದೇಶದವರು ನೀರು ಹೆಪ್ಪುಗಟ್ಟಬಾರದೆಂದು ಹಾಕುತ್ತಾರೆ, ನಮಗ್ಯಾಕೆ ಎಂದು ಓಣಿಯವರ ತಕರಾರು. ಅದು ಕುದಿಯುವ ಬಿಂದುವನ್ನೂ ಏಳೆಂಟು ಡಿಗ್ರಿ ಏರಿಸುತ್ತದೆ, ತುಕ್ಕು ತಡೆಯುತ್ತದೆ. ಡೀಸೆಲ್ಲಿನ ಬಡಿತಕ್ಕೆ ಸಿಲಿಂಡರಿನ ಒಳಕೊಳವೆಯಾದ ಲೈನರು ನಡುಗಿ ಅದರ ಹೊರಮೈಯ ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಒಡೆಯುತ್ತಿರುತ್ತವೆ, ಬರೀ ನೀರಿದ್ದರೆ ಆ ಗುಳ್ಳೆಗಳೇ ಲೋಹಕ್ಕೆ ಸೂಜಿಮೊನೆಯ ತೂತು ಕೊರೆಯುತ್ತವೆ. ಬಣ್ಣ ಬೇರೆ ಬೇರೆಯದನ್ನು ಬೆರೆಸುವುದಿಲ್ಲ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ. ಈ ಕೂಲಂಟು ನೋಡಲು ಶರಬತ್ತಿನ ಹಾಗೆ, ನಾಲಿಗೆಗೂ ಸಿಹಿಯಂತೆ, ಆದರೆ ವಿಷ. ಮಕ್ಕಳು, ನಾಯಿ ಮುಟ್ಟದ ಹಾಗೆ ಅಟ್ಟದ ಮೇಲೆ ಇಟ್ಟಿದ್ದೇನೆ. ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂಬುದು ಹೆಂಡತಿಯ ಆಜ್ಞೆ.

ಹೊಸ್ತಿಲು ದಾಟಿದ್ದು ಇನ್ನೊಂದು ಕ್ಯಾನು. ದಾರಿಯಲ್ಲಿ ಅಡಚಣೆಯಾದರೆ ಇರಲಿ ಎಂದು ಮಾಳಿಗೆಯ ಮಳೆನೀರು ಸೋಸಿ ಒಂದು ಕ್ಯಾನಿನಲ್ಲಿ ಹಿಡಿದಿಟ್ಟಿದ್ದೆ. ಸುಣ್ಣವಿಲ್ಲದ ಮೆತ್ತಗಿನ ನೀರು. ವಾರದಲ್ಲೇ ಅರ್ಧವಾಗಿತ್ತು. ಸೋರುತ್ತಿದೆಯೇನೋ ಎಂದು ಕ್ಯಾನನ್ನು ತಿರುವಿ ಮುರುವಿ ನೋಡಿದೆ, ತಳ ಒಣಗಿತ್ತು. ಅಷ್ಟರಲ್ಲಿ ಒಳಗಿನಿಂದ ಸೀಟಿ ಕೇಳಿಸಿತು. ಬೋರಿನ ನೀರಿನಲ್ಲಿ ಆರು ಸೀಟಿಗೂ ಕರಗದ ತೊಗರಿಬ್ಯಾಳಿ ಈಗ ಮೂರಕ್ಕೇ ಬೆಣ್ಣೆಯಾಗುತ್ತದಂತೆ. ಕ್ಯಾನಿನ ಮೇಲೆ ದೊಡ್ಡದಾಗಿ ‘ಜೀಪು’ ಎಂದು ಬರೆದಿಟ್ಟೆ. ನಿನ್ನೆ ನೋಡಿದರೆ ಅದರ ಕೆಳಗೆ ನನ್ನದೇ ಸೀಮೆಸುಣ್ಣದಲ್ಲಿ, ‘ಬ್ಯಾಳಿ ಬೆಂದು ಉಳಿದ್ರ’ ಎಂದು ಸೇರಿತ್ತು.